ಎರಡು ರೆಕ್ಕೆಗಳಿಂದ ಒಂದು ಪ್ರಭೇದ: ಆರ್ಕಬಾಯ್ಲಸ್ ಮ್ಯೂಸಿಕಸ್ ಪ್ರಕರಣ

ಪಳೆಯುಳಿಕೆಯಾದ ಕೀಟಕ್ಕೆ ಹೆಸರಿಡುವವರ ಮುಂದೆ ಪೂರ್ತಿ ಕೀಟ ಇರುವುದು ಅಪರೂಪ. ತಲೆ ಇರುವುದಿಲ್ಲ, ಕಾಲು ಇರುವುದಿಲ್ಲ, ಹೊಟ್ಟೆ ಇರುವುದಿಲ್ಲ. ಎಷ್ಟೋ ಸಲ ಸಿಗುವುದು ಒಂದೇ ಒಂದು ರೆಕ್ಕೆ, ಅದೂ ಅರ್ಧ. ಅಷ್ಟರಲ್ಲೇ ಅದು ಯಾವ ಗಣ, ಯಾವ ಕುಟುಂಬ, ಯಾವ ಕುಲ ಅಂತ ಹೇಳಬೇಕು. ಇದು ಈವರೆಗೆ ಯಾರೂ ಹೆಸರಿಸದ ಪ್ರಭೇದ ಅಂತ ತೋರಿಸಿಕೊಡಬೇಕು. ಹೊರಗಿನವರಿಗೆ ಇದು ಅತಿಯಾದ ಧೈರ್ಯ ಅನ್ನಿಸಬಹುದು. ಆದರೆ ಕೀಟದ ರೆಕ್ಕೆಯಲ್ಲಿ ಅಷ್ಟು ಮಾಹಿತಿ ನಿಜವಾಗಿಯೂ ಇದೆ. ಅದನ್ನು ತೋರಿಸಲು ನಾನು ಆರಿಸಿಕೊಂಡಿರುವುದು ಒಂದು ಪ್ರಕರಣ. ಇಲ್ಲಿ ರೆಕ್ಕೆಯ ಅಂಗರಚನೆ ಕೀಟದ ಗುರುತು ಹೇಳಿತು, ಜೊತೆಗೆ ಅದು ಯಾವ ಸ್ವರದಲ್ಲಿ ಕೂಗುತ್ತಿತ್ತು ಎನ್ನುವುದನ್ನೂ ಹೇಳಿತು.

2012ರ ಫೆಬ್ರವರಿಯಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಒಂದು ಪ್ರಬಂಧ ಬಂತು. ಬೀಜಿಂಗ್‌ನ ಕ್ಯಾಪಿಟಲ್ ನಾರ್ಮಲ್ ವಿಶ್ವವಿದ್ಯಾಲಯದ ಜುನ್-ಜಿಯೆ ಗು ಮತ್ತು ಡಾಂಗ್ ರೆನ್, ಕನ್ಸಾಸ್ ವಿಶ್ವವಿದ್ಯಾಲಯದ ಮೈಕೆಲ್ ಎಂಗೆಲ್, ಬ್ರಿಸ್ಟಲ್ ವಿಶ್ವವಿದ್ಯಾಲಯದ ಫರ್ನಾಂಡೊ ಮೊಂಟೆಅಲೆಗ್ರೆ ಮತ್ತು ಡೇನಿಯಲ್ ರಾಬರ್ಟ್, ಜೊತೆಗೆ ಗೆ-ಶಿಯಾ ಚಿಯಾವ್ ಅದರ ಲೇಖಕರು. ಚೀನಾದ ಒಳ ಮಂಗೋಲಿಯಾದ ಬಂಡೆಯಲ್ಲಿ ಸಿಕ್ಕ ಒಂದು ಕೇಟಿಡಿಡ್‌ಗೆ ಅವರು ಆರ್ಕಬಾಯ್ಲಸ್ ಮ್ಯೂಸಿಕಸ್ ಎಂದು ಹೆಸರಿಟ್ಟರು. ಕೇಟಿಡಿಡ್ ಅಂದರೆ ಉದ್ದ ಮೀಸೆಯ ಮಿಡತೆ. ರಾತ್ರಿ ಗಿಡಗಳ ನಡುವೆ ಕೂತು ರೆಕ್ಕೆಗೆ ರೆಕ್ಕೆ ಉಜ್ಜಿ ಕೂಗುವ ಜಾತಿ. ಚಿಮ್ಮಂಡೆಯ ದೂರದ ನೆಂಟ. ಈ ಪಳೆಯುಳಿಕೆಯ ವಯಸ್ಸು ಸುಮಾರು 16.5 ಕೋಟಿ ವರ್ಷ.

ಸಿಕ್ಕಿದ್ದು ಎಲ್ಲಿ, ಏನು

ಜಾಗದ ಹೆಸರು ದಾವೊಹುಗೌ. ನಿಂಗ್‌ಚೆಂಗ್ ಕೌಂಟಿಯ ಒಂದು ಹಳ್ಳಿ. ಲಿಯಾವೊನಿಂಗ್ ಮತ್ತು ಹೆಬೆ ಪ್ರಾಂತ್ಯಗಳ ಗಡಿ ಹತ್ತಿರದಲ್ಲೇ ಇದೆ. ಜುರಾಸಿಕ್ ಯುಗದ ಮಧ್ಯದಲ್ಲಿ ಇಲ್ಲಿ ಕೆರೆಗಳಿದ್ದವು, ಸುತ್ತಮುತ್ತ ಜ್ವಾಲಾಮುಖಿಗಳಿದ್ದವು. ಉಗುಳಿದ ಬೂದಿ ಬಂದು ಕೆರೆಯ ತಳದಲ್ಲಿ ಪದರ ಪದರವಾಗಿ ಕೂತಿತು. ಬೂದಿಯ ಕಣ ತುಂಬಾ ನುಣುಪು. ಹಾಗಾಗಿ ಅದರಲ್ಲಿ ಸಿಕ್ಕಿಕೊಂಡ ರೆಕ್ಕೆಯ ಸಣ್ಣ ಗೆರೆಯೂ ಅಚ್ಚಾಗಿ ಉಳಿಯಿತು. ಇದೇ ಬೂದಿಯಿಂದ ವಯಸ್ಸನ್ನೂ ಅಳೆಯಬಹುದು, ಅದರ ಹರಳುಗಳಲ್ಲಿರುವ ವಿಕಿರಣಶೀಲ ಧಾತುಗಳ ಲೆಕ್ಕ ಹಿಡಿದು. ಈ ಪದರಗಳ ವಯಸ್ಸಿನ ಬಗ್ಗೆ ಒಂದು ಕಾಲದಲ್ಲಿ ಸಾಕಷ್ಟು ಜಗಳ ಇತ್ತು. ಕೆಲವರು ಇವನ್ನು ಜುರಾಸಿಕ್‌ನ ನಂತರದ ಯುಗವಾದ ಕ್ರಿಟೇಷಿಯಸ್‌ವರೆಗೂ ಎಳೆದಿದ್ದರು. ಈಗ ಮಧ್ಯ ಜುರಾಸಿಕ್ ಮತ್ತು ಅದರ ಆಚೀಚೆ ಎನ್ನುವುದಕ್ಕೇ ಹೆಚ್ಚಿನ ಒಪ್ಪಿಗೆ ಇದೆ.

ಸಿಕ್ಕಿದ್ದು ಗಂಡು ಕೀಟದ ಮುಂದಿನ ಎರಡು ರೆಕ್ಕೆಗಳು. ಒಂದೊಂದೂ ಏಳು ಸೆಂಟಿಮೀಟರ್‌ಗಿಂತ ಉದ್ದ. ಅಂದರೆ ಕೀಟ ದೊಡ್ಡದೇ. ಎಡ, ಬಲ ಎರಡೂ ಸಿಕ್ಕಿದ್ದು ಈ ಪ್ರಕರಣದ ದೊಡ್ಡ ಭಾಗ್ಯ ಅಂತ ನನ್ನ ಅಭಿಪ್ರಾಯ. ಯಾಕೆ ಅಂತ ಮುಂದೆ ಹೇಳುತ್ತೇನೆ.

ರೆಕ್ಕೆಯೇ ಯಾಕೆ ಉಳಿಯುತ್ತದೆ? ಕೀಟದ ಮೈಯೊಳಗೆ ಮಾಂಸ ಇದೆ, ಕೊಳೆಯುತ್ತದೆ. ತಿನ್ನುವ ಪ್ರಾಣಿಗಳು ಮೈಯನ್ನು ತಿಂದು ರೆಕ್ಕೆಯನ್ನು ಉದುರಿಸಿ ಹೋಗುತ್ತವೆ. ರೆಕ್ಕೆ ಅಂದರೆ ಒಣಗಿದ ಎರಡು ಪದರದ ಗಟ್ಟಿ ಚರ್ಮ, ನಡುವೆ ನರಗಳು. ನೀರಲ್ಲಿ ತೇಲುತ್ತದೆ, ಮೆಲ್ಲಗೆ ಮುಳುಗುತ್ತದೆ, ಚಪ್ಪಟೆಯಾಗಿ ಕೂರುತ್ತದೆ. ಮೊದಲೇ ಚಪ್ಪಟೆಯಾಗಿರುವುದರಿಂದ ಮೇಲಿನ ಮಣ್ಣಿನ ಭಾರ ಬಿದ್ದರೂ ಆಕಾರ ಅಷ್ಟಾಗಿ ಕೆಡುವುದಿಲ್ಲ.

ನರಗಳನ್ನು ಓದುವುದು

ರೆಕ್ಕೆಯ ನರಗಳಿಗೆ ಒಂದು ಹೆಸರಿನ ವ್ಯವಸ್ಥೆ ಇದೆ. ಮುಂದಿನ ಅಂಚಿನಿಂದ ಹಿಂದಕ್ಕೆ ಬಂದರೆ ಕಾಸ್ಟಾ, ಸಬ್‌ಕಾಸ್ಟಾ, ರೇಡಿಯಸ್, ಮೀಡಿಯಾ, ಕ್ಯೂಬಿಟಸ್, ಆಮೇಲೆ ಆನಲ್ ನರಗಳು. ಎಲ್ಲ ಕೀಟಗಳ ರೆಕ್ಕೆಯೂ ಒಂದೇ ಮೂಲ ನಕ್ಷೆಯಿಂದ ಬಂದಿದೆ, ಆದ್ದರಿಂದ ಎಲ್ಲಕ್ಕೂ ಒಂದೇ ಹೆಸರುಗಳು ಸಾಕು ಎನ್ನುವ ವಿಚಾರವನ್ನು ಗಟ್ಟಿಯಾಗಿ ಮುಂದಿಟ್ಟವರು ಕಾಮ್‌ಸ್ಟಾಕ್ ಮತ್ತು ನೀಡಮ್, 1898ರಲ್ಲಿ. ನೊಣ, ಚಿಟ್ಟೆ, ಮಿಡತೆ ಎಲ್ಲದರಲ್ಲೂ ರೇಡಿಯಸ್ ಇದೆ, ಕ್ಯೂಬಿಟಸ್ ಇದೆ. ಎಲ್ಲಿ ಕವಲೊಡೆಯುತ್ತದೆ, ಎಷ್ಟು ಕವಲು, ಯಾವುದು ಯಾವುದರ ಜೊತೆ ಕೂಡಿಕೊಳ್ಳುತ್ತದೆ ಎನ್ನುವುದರಲ್ಲಿ ವ್ಯತ್ಯಾಸ. ಗುರುತು ಸಿಗುವುದು ಅಲ್ಲೇ.

ಕೇಳಲು ಸುಲಭ, ಮಾಡಲು ಕಷ್ಟ. ಪಳೆಯುಳಿಕೆಯಲ್ಲಿ ರೆಕ್ಕೆಯ ಬುಡ ಹೆಚ್ಚಾಗಿ ಮುರಿದಿರುತ್ತದೆ. ನರ ಎಲ್ಲಿಂದ ಹೊರಟಿತು ಅಂತ ಕಾಣದಿದ್ದರೆ ಅದು ಯಾವ ನರ ಅಂತ ಹೇಗೆ ಹೇಳುವುದು? ಆಗ ಸಹಾಯಕ್ಕೆ ಬರುವುದು ಉಬ್ಬು ಮತ್ತು ತಗ್ಗು. ಕೀಟದ ರೆಕ್ಕೆ ಸಪಾಟಾಗಿಲ್ಲ, ಸಣ್ಣ ಮಡಿಕೆಗಳಿಂದ ಕೂಡಿದೆ. ಕೆಲವು ನರಗಳು ಮಡಿಕೆಯ ಮೇಲೆ ಓಡುತ್ತವೆ, ಕೆಲವು ಕೆಳಗೆ. ಸಬ್‌ಕಾಸ್ಟಾ ತಗ್ಗಿನ ನರ, ಅದರ ಪಕ್ಕದ ರೇಡಿಯಸ್ ಉಬ್ಬಿನ ನರ. ಕ್ಯೂಬಿಟಸ್ ಎರಡಾಗಿ ಒಡೆಯುತ್ತದೆ: ಮುಂದಿನ ಕ್ಯೂಬಿಟಸ್ ಉಬ್ಬು, ಹಿಂದಿನ ಕ್ಯೂಬಿಟಸ್ ತಗ್ಗು. ಈ ಕ್ರಮ ಕೋಟಿಗಟ್ಟಲೆ ವರ್ಷ ಕಳೆದರೂ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ. ಹಾಗಾಗಿ ಬುಡ ಕಾಣದಿದ್ದರೂ ಗೆರೆ ಉಬ್ಬಿದೆಯೋ ತಗ್ಗಿದೆಯೋ ನೋಡಿ ಹೆಸರನ್ನು ಊಹಿಸಬಹುದು.

ಇಲ್ಲೂ ಒಂದು ಬಲೆ ಇದೆ. ಬಂಡೆಯನ್ನು ಸೀಳಿದಾಗ ಎರಡು ತುಂಡು ಸಿಗುತ್ತವೆ. ಒಂದರಲ್ಲಿ ರೆಕ್ಕೆ ಅಥವಾ ಅದರ ಅಚ್ಚು, ಇನ್ನೊಂದರಲ್ಲಿ ಅದರ ಪ್ರತಿ. ಒಂದರಲ್ಲಿ ಉಬ್ಬಾಗಿರುವುದು ಇನ್ನೊಂದರಲ್ಲಿ ತಗ್ಗು. ಕೈಯಲ್ಲಿರುವ ತುಂಡು ರೆಕ್ಕೆಯ ಮೇಲ್ಭಾಗವನ್ನು ತೋರಿಸುತ್ತಿದೆಯೋ ಕೆಳಭಾಗವನ್ನೋ ಅಂತ ಮೊದಲು ತೀರ್ಮಾನ ಮಾಡಬೇಕು. ಅದು ತಪ್ಪಿದರೆ ಎಡ ರೆಕ್ಕೆ ಬಲ ರೆಕ್ಕೆ ಆಗಿಬಿಡುತ್ತದೆ, ನರಗಳ ಹೆಸರೆಲ್ಲ ಅದಲು ಬದಲಾಗುತ್ತದೆ. ಅದಕ್ಕೇ ಈ ಕೆಲಸ ಮಾಡುವವರು ಬೆಳಕನ್ನು ಓರೆಯಾಗಿ, ತೀರಾ ತಗ್ಗು ಕೋನದಲ್ಲಿ ಬೀಳಿಸಿ ನೋಡುತ್ತಾರೆ. ದಿಕ್ಕು ಬದಲಿಸಿ ಬದಲಿಸಿ ನೋಡುತ್ತಾರೆ. ಬಂಡೆಯ ಮೇಲೆ ಆಲ್ಕೋಹಾಲ್ ಹನಿಸಿ ಒದ್ದೆ ಮಾಡಿದರೆ ನರದ ಬಣ್ಣ ಎದ್ದು ಕಾಣುತ್ತದೆ, ಉಬ್ಬುತಗ್ಗು ಮಾಯವಾಗುತ್ತದೆ. ಒಣಗಿದಾಗ ಉಬ್ಬುತಗ್ಗು ಕಾಣುತ್ತದೆ, ಬಣ್ಣ ಮಂಕಾಗುತ್ತದೆ. ಎರಡೂ ಬೇಕು. ಫೋಟೋ ಎಷ್ಟೇ ಚೆನ್ನಾಗಿದ್ದರೂ ಕೈಯಲ್ಲಿ ಗೆರೆಯ ಚಿತ್ರ ಬರೆಯುವುದನ್ನು ಯಾರೂ ಬಿಟ್ಟಿಲ್ಲ. ಚಿತ್ರ ಬರೆಯುವಾಗ ಪ್ರತಿ ಗೆರೆಗೂ ನಿರ್ಧಾರ ಬೇಕು: ಇದು ನರವೋ, ಬಂಡೆಯ ಬಿರುಕೋ, ಬರೀ ಸುಕ್ಕೋ?

ಮಿಡತೆ ಗಣದಲ್ಲಿ ಕಷ್ಟ ಇನ್ನೂ ಜಾಸ್ತಿ. ಇವುಗಳಲ್ಲಿ ಮುಂದಿನ ಕ್ಯೂಬಿಟಸ್, ಹಿಂದಿನ ಕ್ಯೂಬಿಟಸ್‌ನ ಒಂದು ಕವಲಿನ ಜೊತೆ ಕೂಡಿಕೊಂಡು ಒಂದೇ ನರವಾಗಿ ಓಡುತ್ತದೆ. ಮೇಲಿಂದ ನೋಡಿದರೆ ಯಾವುದು ಎಲ್ಲಿ ಮುಗಿಯಿತು ಅಂತ ತಿಳಿಯುವುದಿಲ್ಲ. ಈ ವಿಷಯದಲ್ಲಿ ಪಂಥಗಳೇ ಇವೆ. ರಷ್ಯಾದ ಶರೋವ್ 1968ರಲ್ಲಿ ಒಂದು ಬಗೆಯಲ್ಲಿ ಹೆಸರಿಸಿದರು. ಗೊರೊಖೋವ್ ತಮ್ಮದೇ ಕ್ರಮ ಇಟ್ಟುಕೊಂಡರು. ಫ್ರಾನ್ಸಿನ ಒಲಿವಿಯೆ ಬೆಥೂ ಮತ್ತು ಆಂಡ್ರೆ ನೆಲ್ 2002ರಲ್ಲಿ ಇಡೀ ಗುಂಪಿನ ನರಗಳನ್ನು ಹೊಸದಾಗಿ ಹೊಂದಿಸಿ ನೋಡಿದರು. ಒಂದೇ ನರಕ್ಕೆ ಹಳೆಯ ಪ್ರಬಂಧದಲ್ಲಿ ಒಂದು ಹೆಸರು, ಹೊಸ ಪ್ರಬಂಧದಲ್ಲಿ ಇನ್ನೊಂದು. ಹಳೆಯ ವಿವರಣೆಯ ಜೊತೆ ಹೊಸ ಮಾದರಿಯನ್ನು ಹೋಲಿಸುವವರು ಹೆಸರು ನೋಡಿ ಹೋಲಿಸಬಾರದು, ಚಿತ್ರ ನೋಡಿ ಹೋಲಿಸಬೇಕು. ಹೆಸರು ನೋಡಿ ಹೋಲಿಸಿದರೆ ಇಲ್ಲದ ವ್ಯತ್ಯಾಸ ಕಾಣುತ್ತದೆ, ಇಲ್ಲದ ಪ್ರಭೇದ ಹುಟ್ಟುತ್ತದೆ.

ಹೊಸದು ಅಂತ ಹೇಳುವುದು ಯಾವಾಗ

ದಾವೊಹುಗೌ ರೆಕ್ಕೆಗಳ ವಿಷಯಕ್ಕೆ ಬರೋಣ. ನರಗಳ ವಿನ್ಯಾಸ ಅವನ್ನು ಹ್ಯಾಗ್ಲಿಡೇ ಎಂಬ ಕುಟುಂಬಕ್ಕೆ ತಂದು ನಿಲ್ಲಿಸಿತು. ಈ ಕುಟುಂಬ ಈಗ ಇಲ್ಲ, ಪೂರ್ತಿ ಅಳಿದಿದೆ. ಆರ್ಕಬಾಯ್ಲಸ್ ಕುಲ ಮಾತ್ರ ಆಗಲೇ ಇತ್ತು. ಮಾರ್ಟಿನೋವ್ 1937ರಲ್ಲಿ ಮಧ್ಯ ಏಷ್ಯಾದ ಜುರಾಸಿಕ್ ಬಂಡೆಗಳ ಮಾದರಿಯಿಂದ ಅದನ್ನು ಹೆಸರಿಸಿದ್ದರು. ಹಾಗಾಗಿ ಗು, ಎಂಗೆಲ್ ಮತ್ತು ರೆನ್ ಹೊಸ ಕುಲ ಮಾಡಲಿಲ್ಲ. ಇದ್ದ ಕುಲಕ್ಕೇ ಒಂದು ಪ್ರಭೇದ ಸೇರಿಸಿದರು. ನನಗೆ ಇದು ಇಷ್ಟವಾದ ಸಂಗತಿ. ಪಳೆಯುಳಿಕೆ ಕೀಟಗಳಲ್ಲಿ ಒಂದೇ ಪ್ರಭೇದ ಇರುವ ಕುಲಗಳ ರಾಶಿಯೇ ಬಿದ್ದಿದೆ. ಸಣ್ಣ ವ್ಯತ್ಯಾಸ ಕಂಡ ಕೂಡಲೇ ಹೊಸ ಕುಲ ಮಾಡಿದರೆ ನೆಂಟಸ್ತಿಕೆ ಮಸುಕಾಗುತ್ತದೆ.

ಪ್ರಭೇದ ಹೊಸದು ಅನ್ನಲು ಏನು ಬೇಕು? ಪ್ರಾಣಿಗಳ ಹೆಸರಿನ ಅಂತಾರಾಷ್ಟ್ರೀಯ ಸಂಹಿತೆ ಕೇಳುವುದು ಬಹಳ ಕಡಿಮೆ. ಹೆಸರು ಪ್ರಕಟವಾಗಬೇಕು. ಬೇರೆ ಪ್ರಭೇದಗಳಿಂದ ಬೇರ್ಪಡಿಸುವ ಲಕ್ಷಣಗಳನ್ನು ಮಾತಿನಲ್ಲಿ ಬರೆದಿರಬೇಕು. ಒಂದು ಮಾದರಿಯನ್ನು ಹೋಲೋಟೈಪ್, ಅಂದರೆ ಹೆಸರು ಅಂಟಿಕೊಂಡಿರುವ ಮೂಲ ಮಾದರಿ, ಅಂತ ಸ್ಪಷ್ಟವಾಗಿ ಗುರುತಿಸಿರಬೇಕು, ಅದನ್ನು ಎಲ್ಲಿ ಇಡಲಾಗಿದೆ ಅಂತ ಹೇಳಿರಬೇಕು. ಇಷ್ಟಾದರೆ ಹೆಸರು ಸಿಂಧು. ವಾದ ಸರಿಯೋ ತಪ್ಪೋ ಅಂತ ಸಂಹಿತೆ ತೀರ್ಪು ಕೊಡುವುದಿಲ್ಲ. ಅದು ಓದುವವರ ಕೆಲಸ.

ಆ ಕೆಲಸ ಮಾಡುವವರು ಕೇಳುವ ಪ್ರಶ್ನೆಗಳು ಕಠಿಣ. ಮೊದಲನೆಯದು: ಈ ವ್ಯತ್ಯಾಸ ಒಂದೇ ಪ್ರಭೇದದೊಳಗಿನ ಏರುಪೇರು ಇರಬಹುದಲ್ವಾ? ಬದುಕಿರುವ ಮಿಡತೆಗಳಲ್ಲೇ ಒಂದೇ ಕೀಟದ ಎಡ ರೆಕ್ಕೆಯ ರೇಡಿಯಸ್‌ಗೆ ಒಂದು ಕವಲು ಹೆಚ್ಚು, ಬಲ ರೆಕ್ಕೆಗೆ ಒಂದು ಕಡಿಮೆ ಇರುವುದುಂಟು. ತುದಿಯ ಕವಲುಗಳ ಸಂಖ್ಯೆಯನ್ನು ನಂಬಿ ಪ್ರಭೇದ ಮಾಡಬಾರದು. ನರಗಳು ಕೂಡುವ ಜಾಗ, ಬುಡದ ಹತ್ತಿರದ ಕವಲಿನ ಕ್ರಮ, ನರಗಳ ನಡುವಿನ ಜಾಗದ ಅಗಲ, ಇವಕ್ಕೆ ತೂಕ ಹೆಚ್ಚು.

ಎರಡನೆಯದು: ಬಂಡೆ ರೆಕ್ಕೆಯನ್ನು ಎಳೆದಿದೆಯೇ? ಭೂಮಿಯ ಪದರಗಳು ಒತ್ತಿದಾಗ ಪಳೆಯುಳಿಕೆ ಒಂದು ದಿಕ್ಕಿಗೆ ಹಿಗ್ಗಬಹುದು. ಉದ್ದನೆಯ ರೆಕ್ಕೆ ಅಗಲವಾಗಿ ಕಾಣಬಹುದು, ಅಗಲವಾದದ್ದು ಉದ್ದವಾಗಿ ಕಾಣಬಹುದು. ಇಲ್ಲೇ ಜೋಡಿ ರೆಕ್ಕೆಯ ಬೆಲೆ ತಿಳಿಯುವುದು. ಎಡ, ಬಲ ರೆಕ್ಕೆಗಳು ಬಂಡೆಯಲ್ಲಿ ಬೇರೆ ಬೇರೆ ಕೋನದಲ್ಲಿ ಬಿದ್ದಿದ್ದರೆ ಹಿಗ್ಗು ಎರಡರಲ್ಲೂ ಬೇರೆ ಬೇರೆ ಥರ ಕಾಣುತ್ತದೆ. ಎರಡೂ ಒಂದೇ ಥರ ಇದ್ದರೆ ಆಕಾರವನ್ನು ನಂಬಬಹುದು. ಒಂಟಿ ರೆಕ್ಕೆಯಲ್ಲಿ ಈ ಪರೀಕ್ಷೆ ಸಾಧ್ಯವೇ ಇಲ್ಲ.

ಮೂರನೆಯದು ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು: ಗಂಡು ಮತ್ತು ಹೆಣ್ಣು. ಈ ಬಳಗದಲ್ಲಿ ಕೂಗುವುದು ಗಂಡು. ಕೂಗಲು ಅದರ ಮುಂದಿನ ರೆಕ್ಕೆಯ ಹಿಂಭಾಗ ಪೂರ್ತಿ ಬದಲಾಗಿರುತ್ತದೆ. ನರಗಳು ಬಾಗಿ, ದಪ್ಪವಾಗಿ, ನಡುವೆ ಅಗಲವಾದ ಬಯಲು ಬಿಟ್ಟಿರುತ್ತವೆ. ಹೆಣ್ಣಿನ ರೆಕ್ಕೆಯಲ್ಲಿ ಅದ್ಯಾವುದೂ ಇರುವುದಿಲ್ಲ. ಗಂಡಿನ ರೆಕ್ಕೆ ಒಂದು ಕಡೆ, ಹೆಣ್ಣಿನ ರೆಕ್ಕೆ ಇನ್ನೊಂದು ಕಡೆ ಸಿಕ್ಕರೆ ಅವು ಒಂದೇ ಪ್ರಭೇದ ಅಂತ ಹೇಳುವುದು ಬಹಳ ಕಷ್ಟ. ಒಂದು ಪ್ರಭೇದಕ್ಕೆ ಎರಡು ಹೆಸರು ಬೀಳುವ ಅಪಾಯ ಸದಾ ಇದೆ. ಆದ್ದರಿಂದ ಹೋಲಿಕೆ ಗಂಡಿನ ಜೊತೆ ಗಂಡು, ಹೆಣ್ಣಿನ ಜೊತೆ ಹೆಣ್ಣು ಅಂತಲೇ ನಡೆಯಬೇಕು.

ಅರ ಮತ್ತು ಅದರ ಹಲ್ಲುಗಳು

ಈ ಪ್ರಕರಣ ಬೇರೆ ಪ್ರಕರಣಗಳಿಂದ ಬೇರೆಯಾಗುವುದು ಇಲ್ಲಿಂದ. ಹಿಂದಿನ ಕ್ಯೂಬಿಟಸ್‌ನ ಎರಡನೇ ಕವಲು ಕೂಗುವ ಕೀಟಗಳಲ್ಲಿ ಅರವಾಗಿ ಬದಲಾಗಿದೆ. ಕಬ್ಬಿಣ ಉಜ್ಜುವ ಅರದಲ್ಲಿ ಇರುವಂಥದ್ದೇ ಸಾಲು ಹಲ್ಲು ಅದರ ಅಡಿಯಲ್ಲಿ. ಮೇಲಿನ ರೆಕ್ಕೆಯ ಅಡಿಯಲ್ಲಿ ಅರ, ಕೆಳಗಿನ ರೆಕ್ಕೆಯಲ್ಲಿ ಗಟ್ಟಿಯಾದ ಒಂದು ಅಂಚು. ರೆಕ್ಕೆ ಮುಚ್ಚುವಾಗ ಆ ಅಂಚು ಹಲ್ಲುಗಳ ಮೇಲೆ ಓಡುತ್ತದೆ. ಪಕ್ಕದ ತೆಳು ಬಯಲು ಅದುರಿ ಸದ್ದು ಹೊರಗೆ ಬರುತ್ತದೆ.

ಪಳೆಯುಳಿಕೆಯಲ್ಲಿ ಅರ ಇದೆ ಅಂತ ಗೊತ್ತಾಗುವುದು ಅಪರೂಪವಲ್ಲ. ಅದರ ಒಂದೊಂದು ಹಲ್ಲೂ ಎಣಿಸುವ ಹಾಗೆ ಉಳಿಯುವುದು ಅಪರೂಪ. ದಾವೊಹುಗೌ ಮಾದರಿಯಲ್ಲಿ ಅದು ಉಳಿದಿತ್ತು. ಅರದ ಉದ್ದ ಒಂಬತ್ತು ಮಿಲಿಮೀಟರ್‌ಗಿಂತ ತುಸು ಹೆಚ್ಚು. ಹಲ್ಲುಗಳು ನೂರರ ಆಸುಪಾಸು. ಸೂಕ್ಷ್ಮದರ್ಶಕದಲ್ಲಿ ಹಲ್ಲಿನಿಂದ ಹಲ್ಲಿಗೆ ಇರುವ ದೂರವನ್ನು ಅಳೆಯುತ್ತಾ ಹೋದಾಗ ಒಂದು ಕ್ರಮ ಕಂಡಿತು. ದೂರ ಎಲ್ಲ ಕಡೆ ಒಂದೇ ಇಲ್ಲ. ಅಂಚು ಓಡುವ ದಿಕ್ಕಿನಲ್ಲಿ ಅದು ಮೆಲ್ಲ ಮೆಲ್ಲಗೆ ಹೆಚ್ಚುತ್ತದೆ.

ಇದು ಯಾಕೆ ಮುಖ್ಯ? ಕೀಟ ರೆಕ್ಕೆ ಮುಚ್ಚುವಾಗ ವೇಗ ಒಂದೇ ಸಮ ಇರುವುದಿಲ್ಲ, ಏರುತ್ತಾ ಹೋಗುತ್ತದೆ. ಬಾಚಣಿಗೆಯ ಮೇಲೆ ಉಗುರನ್ನು ಎಳೆಯುತ್ತಾ ವೇಗ ಹೆಚ್ಚಿಸಿದರೆ ಸದ್ದು ಏರುತ್ತದೆ, ಗೊತ್ತಲ್ವಾ? ಹಲ್ಲುಗಳು ಸಮ ದೂರದಲ್ಲಿದ್ದರೆ ಕೀಟದ ಕೂಗೂ ಹಾಗೇ ಏರಬೇಕಿತ್ತು. ಆದರೆ ವೇಗ ಹೆಚ್ಚಿದಂತೆ ಹಲ್ಲುಗಳ ನಡುವಿನ ದೂರವೂ ಹೆಚ್ಚಿದರೆ, ಹಲ್ಲಿಗೆ ತಾಗುವ ಲಯ ಸಮವಾಗಿಯೇ ಉಳಿಯುತ್ತದೆ. ಸಮ ಲಯದ ತಾಗುವಿಕೆಯಿಂದ ಒಂದೇ ಸ್ವರ ಹೊರಡುತ್ತದೆ. ಇಂದಿನ ಕೇಟಿಡಿಡ್‌ಗಳಲ್ಲಿ ಶುದ್ಧ ಸ್ವರದಲ್ಲಿ ಕೂಗುವ ಪ್ರಭೇದಗಳ ಅರದಲ್ಲಿ ಈ ಕ್ರಮ ಇದೆ. ಗರಗರ ಅಂತ ಹಲವು ಸ್ವರ ಬೆರೆಸಿ ಕೂಗುವ ಪ್ರಭೇದಗಳಿಗೆ ಅಂಥ ಕ್ರಮ ಬೇಕಾಗಿಲ್ಲ. ಆರ್ಕಬಾಯ್ಲಸ್ ಮ್ಯೂಸಿಕಸ್ ಶುದ್ಧ ಸ್ವರದ ಕೀಟ ಎಂಬ ಮಾತಿಗೆ ಇದೇ ಆಧಾರ.

ಸ್ವರ ಯಾವುದು? ಅದಕ್ಕೆ ಬೇರೆ ದಾರಿ ಹಿಡಿದರು. ಬದುಕಿರುವ 59 ಪ್ರಭೇದಗಳ ಅಳತೆಗಳ ಜೊತೆ ಹೋಲಿಸಿದರು. ಅರ ಉದ್ದವಾದಷ್ಟೂ ಸ್ವರ ತಗ್ಗು, ಗಿಡ್ಡವಾದಷ್ಟೂ ಸ್ವರ ಹೆಚ್ಚು ಎನ್ನುವ ಸಂಬಂಧ ಅಲ್ಲಿ ಇದೆ. ಪ್ರಭೇದಗಳ ನಡುವಿನ ನೆಂಟಸ್ತಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಇದು ತೀರಾ ಬೇಕಾದ ಹೆಜ್ಜೆ. ಹತ್ತಿರದ ನೆಂಟರು ಹೇಗೂ ಒಂದೇ ಥರ ಇರುತ್ತಾರೆ. ಅವರನ್ನೆಲ್ಲ ಬೇರೆ ಬೇರೆ ಸಾಕ್ಷಿ ಅಂತ ಎಣಿಸಿದರೆ ಸಂಬಂಧ ಇರುವುದಕ್ಕಿಂತ ಗಟ್ಟಿಯಾಗಿ ಕಾಣುತ್ತದೆ. ಕೊನೆಗೆ ಬಂದ ಉತ್ತರ 6.4 ಕಿಲೋಹರ್ಟ್ಜ್. ಒಂದು ಸಲದ ಕೂಗು 16 ಮಿಲಿಸೆಕೆಂಡ್.

ಈ ಎರಡು ಅಂಕಿಗಳನ್ನು ಗುಣಿಸಿ ನೋಡಿ. ಸೆಕೆಂಡಿಗೆ 6400 ಅದುರಾಟ, 0.016 ಸೆಕೆಂಡ್. ಬರುವುದು 102. ಅಂದರೆ ಒಂದು ಸಲ ರೆಕ್ಕೆ ಮುಚ್ಚುವಾಗ ಸುಮಾರು ನೂರು ಅದುರಾಟ. ಅರದಲ್ಲಿರುವ ಹಲ್ಲುಗಳೂ ನೂರರ ಆಸುಪಾಸು. ಒಂದು ಹಲ್ಲಿಗೆ ಒಂದು ಅದುರಾಟ. ಬಂಡೆಯಲ್ಲಿ ಎಣಿಸಿದ ಸಂಖ್ಯೆಯೂ ಕೂಗಿನ ಲೆಕ್ಕವೂ ಹೀಗೆ ಒಂದಕ್ಕೊಂದು ಕೂಡುವುದನ್ನು ನೋಡಿದಾಗ ನನಗೆ ನಿಜವಾದ ಸಂತೋಷವಾಗುತ್ತದೆ.

ಇನ್ನೊಂದು ಲೆಕ್ಕ. 6.4 ಕಿಲೋಹರ್ಟ್ಜ್ ಸದ್ದಿನ ಅಲೆಯುದ್ದ ಗಾಳಿಯಲ್ಲಿ ಸುಮಾರು 5.4 ಸೆಂಟಿಮೀಟರ್. ಸದ್ದು ಹೊರಡಿಸುವ ಮೈ ಅಲೆಯುದ್ದಕ್ಕಿಂತ ತೀರಾ ಚಿಕ್ಕದಾದರೆ ಶಕ್ತಿ ಪೋಲಾಗುತ್ತದೆ. ಏಳು ಸೆಂಟಿಮೀಟರ್ ಮೀರಿದ ರೆಕ್ಕೆಗೆ ಆ ಕಷ್ಟ ಅಷ್ಟಾಗಿ ಇರಲಾರದು. ಅದುರುವುದು ಇಡೀ ರೆಕ್ಕೆಯಲ್ಲ, ಅದರ ಒಂದು ಭಾಗ ಎನ್ನುವುದು ನಿಜ. ಆದರೂ ಗಾತ್ರ ಮತ್ತು ಸ್ವರ ಒಂದಕ್ಕೊಂದು ಒಗ್ಗುತ್ತವೆ.

ಎಡ, ಬಲ ಎರಡೂ ಒಂದೇ ಥರ

ಇಂದಿನ ಕೇಟಿಡಿಡ್‌ಗಳ ಎರಡು ಮುಂದಿನ ರೆಕ್ಕೆಗಳು ಒಂದೇ ಥರ ಇರುವುದಿಲ್ಲ. ಎಡ ರೆಕ್ಕೆ ಮೇಲೆ, ಬಲ ರೆಕ್ಕೆ ಕೆಳಗೆ. ಕೆಲಸ ಮಾಡುವ ಅರ ಎಡ ರೆಕ್ಕೆಯಲ್ಲಿ. ಸದ್ದನ್ನು ದೊಡ್ಡದು ಮಾಡುವ ಕನ್ನಡಿ ಎಂಬ ತೆಳು ಭಾಗ ಬಲ ರೆಕ್ಕೆಯಲ್ಲಿ ಚೆನ್ನಾಗಿ ಬೆಳೆದಿರುತ್ತದೆ. ಚಿಮ್ಮಂಡೆಗಳಲ್ಲಿ ಸಾಮಾನ್ಯವಾಗಿ ಬಲ ರೆಕ್ಕೆ ಮೇಲೆ, ಆದರೆ ಅರ ಎರಡರಲ್ಲೂ ಇರುತ್ತದೆ.

ಆರ್ಕಬಾಯ್ಲಸ್ ಮ್ಯೂಸಿಕಸ್‌ನಲ್ಲಿ ಎರಡು ರೆಕ್ಕೆಗಳೂ ಸಮ. ಎರಡರಲ್ಲೂ ಅರ. ಒಂದೇ ರೆಕ್ಕೆ ಸಿಕ್ಕಿದ್ದರೆ ಈ ಮಾತನ್ನು ಯಾರೂ ಹೇಳಲಾಗುತ್ತಿರಲಿಲ್ಲ. ಇಂದು ಉತ್ತರ ಅಮೆರಿಕದಲ್ಲಿ ಸೈಫೋಡೆರಿಸ್ ಎಂಬ ಕುಲ ಬದುಕಿದೆ, ಹಳೆಯ ಬಳಗದ ಉಳಿದ ಕುಡಿ. ಅದರ ಗಂಡುಗಳು ಒಮ್ಮೆ ಎಡ ರೆಕ್ಕೆ ಮೇಲಿಟ್ಟು, ಒಮ್ಮೆ ಬಲ ರೆಕ್ಕೆ ಮೇಲಿಟ್ಟು ಕೂಗಬಲ್ಲವು. ಸಮ ರೆಕ್ಕೆಗಳ ಆರ್ಕಬಾಯ್ಲಸ್ ಕೂಡ ಹಾಗೆ ಮಾಡುತ್ತಿತ್ತು ಅನ್ನುವುದು ಸಹಜ ಊಹೆ. ಒಂದು ರೆಕ್ಕೆಯನ್ನು ಪೂರ್ತಿ ಅರಕ್ಕೆ, ಇನ್ನೊಂದನ್ನು ಪೂರ್ತಿ ಕನ್ನಡಿಗೆ ಅಂತ ಹಂಚಿಕೊಂಡದ್ದು ಕೇಟಿಡಿಡ್‌ಗಳ ಚರಿತ್ರೆಯಲ್ಲಿ ಆಮೇಲೆ.

ಪ್ರಬಂಧದ ದೊಡ್ಡ ವಾದ ಇದಕ್ಕೆ ಹತ್ತಿರದ್ದು. ಹಲವು ಸ್ವರಗಳ ಗರಗರ ಸದ್ದು ಮೊದಲು, ಶುದ್ಧ ಸ್ವರ ಆಮೇಲೆ ಎನ್ನುವ ಅಭಿಪ್ರಾಯ ಹಿಂದೆ ಇತ್ತು. ಈ ರೆಕ್ಕೆಗಳು ತಿರುಗಿಸಿ ಹೇಳಿದವು: ಶುದ್ಧ ಸ್ವರ ಬಹಳ ಹಳೆಯದು. ಇಂದು ಕೇಟಿಡಿಡ್‌ಗಳ ಕೂಗು ನಮ್ಮ ಕಿವಿಗೆ ಕೇಳಿಸದ ಎತ್ತರಕ್ಕೂ ಹೋಗಿದೆ. ಕೊಲಂಬಿಯಾದ ಸೂಪರ್‌ಸೋನಸ್ ಕುಲದಲ್ಲಿ 150 ಕಿಲೋಹರ್ಟ್ಜ್‌ವರೆಗೆ ಅಳೆದಿದ್ದಾರೆ. ಅದಕ್ಕೆ ಹೋಲಿಸಿದರೆ 6.4 ತೀರಾ ತಗ್ಗು. ನಮಗೆ ಆರಾಮಾಗಿ ಕೇಳಿಸುವ ಸ್ವರ.

ತಗ್ಗು ಸ್ವರ ಯಾಕೆ ಒಳ್ಳೆಯದಾಗಿತ್ತು ಅನ್ನುವುದಕ್ಕೂ ಕಾರಣ ಕೊಟ್ಟಿದ್ದಾರೆ. ಆ ಕಾಲದ ಕಾಡು ಸೂಚಿಪರ್ಣಿ ಮರಗಳದ್ದು, ದೊಡ್ಡ ಜರಿಗಿಡಗಳದ್ದು. ನೆಲದ ಹತ್ತಿರ ದಟ್ಟಣೆ ಕಡಿಮೆ. ಎತ್ತರದ ಸ್ವರ ಎಲೆಗಳಿಗೆ ತಾಗಿ ಚದುರುತ್ತದೆ, ತಗ್ಗು ಸ್ವರ ದೂರ ಹೋಗುತ್ತದೆ. ಹೆಣ್ಣಿಗೆ ಕೇಳಿಸುತ್ತದೆ. ತಿನ್ನುವವರಿಗೂ ಕೇಳಿಸುತ್ತದೆ. ಬಾವಲಿ ಆಗ ಇರಲಿಲ್ಲ. ಇದ್ದವರು ಸರೀಸೃಪಗಳು, ಉಭಯವಾಸಿಗಳು, ಸಣ್ಣ ಸಸ್ತನಿಗಳು. ಇದೇ ದಾವೊಹುಗೌ ಪದರಗಳಿಂದ 2006ರಲ್ಲಿ ವೊಲಾಟಿಕೋಥೀರಿಯಮ್ ಎಂಬ ಜಾರಿ ಹಾರುವ ಪುಟ್ಟ ಸಸ್ತನಿಯನ್ನು ವಿವರಿಸಿದ್ದರು. ಅದರ ಹಲ್ಲುಗಳು ಕೀಟ ತಿನ್ನುವ ಪ್ರಾಣಿಯ ಹಲ್ಲುಗಳು.

ಹೆಸರು ಎಷ್ಟು ಗಟ್ಟಿ, ಕೂಗು ಎಷ್ಟು ಗಟ್ಟಿ

ಈ ಪ್ರಕರಣವನ್ನು ಓದುವಾಗ ಎರಡು ಮಾತುಗಳನ್ನು ಬೇರೆ ಬೇರೆ ಇಡಬೇಕು ಅನ್ನುವುದು ನನ್ನ ಒತ್ತಾಯ. ಜನಪ್ರಿಯ ಬರಹಗಳಲ್ಲಿ ಅವು ಒಂದಾಗಿಬಿಡುತ್ತವೆ.

ಪ್ರಭೇದದ ಹೆಸರು ಒಂದು ಕಲ್ಲಿಗೆ ಕಟ್ಟಿದ ಹೆಸರು. ಹೋಲೋಟೈಪ್ ಇರುವವರೆಗೂ ಯಾರು ಬೇಕಾದರೂ ಹೋಗಿ ನೋಡಬಹುದು, ನರವನ್ನು ಮತ್ತೆ ಓದಬಹುದು. ನಾಳೆ ಯಾರಾದರೂ ಇದು ಬೇರೆ ಕುಲಕ್ಕೆ ಸೇರಬೇಕು ಅಂದರೂ, ಇನ್ನೊಂದು ಪ್ರಭೇದದ ಜೊತೆ ಸೇರಿಸಿದರೂ, ಮಾದರಿ ಅದೇ. ನರ ಎಲ್ಲಿ ಕವಲೊಡೆದಿದೆ ಎನ್ನುವುದು ಕಣ್ಣಿಗೆ ಕಾಣುವ ಸಂಗತಿ.

ಕೂಗು ಹಾಗಲ್ಲ. ಅದು ಊಹೆ. ಒಳ್ಳೆಯ ಊಹೆ, ಆಧಾರ ಇರುವ ಊಹೆ. ಆದರೂ ಅದರಲ್ಲಿ ಹಲವು ಮೆಟ್ಟಿಲುಗಳಿವೆ. ಹಲ್ಲುಗಳ ದೂರದ ಕ್ರಮದಿಂದ ಶುದ್ಧ ಸ್ವರ ಅಂತ ತಿಳಿಯುವುದು ಗಟ್ಟಿ ಮೆಟ್ಟಿಲು. ಅರದ ಉದ್ದದಿಂದ 6.4 ಅಂತ ತಿಳಿಯುವುದು ಬದುಕಿರುವವರ ಅಂಕಿಗಳ ಮೇಲೆ ನಿಂತಿದೆ. ಬದುಕಿರುವ ಆ ಪ್ರಭೇದಗಳಲ್ಲಿ ಹ್ಯಾಗ್ಲಿಡೇ ಒಂದೂ ಇಲ್ಲ, ಇರಲು ಸಾಧ್ಯವೂ ಇಲ್ಲ. ಇಂಥ ಸಂಬಂಧದಿಂದ ಬರುವ ಉತ್ತರಕ್ಕೆ ಆಚೀಚೆ ಒಂದು ಅಂತರ ಇದ್ದೇ ಇರುತ್ತದೆ. ದಶಮಾಂಶದವರೆಗೆ ಹೇಳಿದ ಮಾತ್ರಕ್ಕೆ ದಶಮಾಂಶದವರೆಗೆ ಗೊತ್ತು ಅಂತ ಓದಿಕೊಳ್ಳಬಾರದು. ಸುಮಾರು ಆ ಎತ್ತರದ ಒಂದು ಸ್ವರ, ಶುದ್ಧವಾದ ಸ್ವರ. ಇಷ್ಟನ್ನು ನಾನು ಧೈರ್ಯವಾಗಿ ಒಪ್ಪುತ್ತೇನೆ. ರಾತ್ರಿ ಕೂಗುತ್ತಿತ್ತು ಎನ್ನುವ ಮಾತು ಇನ್ನೂ ಒಂದು ಮೆಟ್ಟಿಲು ದೂರ. ಶುದ್ಧ ಸ್ವರದ ಇಂದಿನ ಕೇಟಿಡಿಡ್‌ಗಳು ರಾತ್ರಿಯ ಜೀವಿಗಳು ಎನ್ನುವುದಷ್ಟೇ ಅದಕ್ಕೆ ಆಧಾರ.

ಹತ್ತು ವರ್ಷದ ನಂತರ ಈ ದಾರಿಗೆ ಒಂದು ಒಳ್ಳೆಯ ಬೆಂಬಲ ಸಿಕ್ಕಿತು. ಪ್ರೊಫಲಾಂಗಾಪ್ಸಿಸ್ ಅಬ್ಸ್ಕ್ಯೂರಾ ಎಂಬ ಕೀಟ ಇದೆ. ಭಾರತದಿಂದ ಹೋದ ಒಂದೇ ಒಂದು ಗಂಡು ಮಾದರಿಯನ್ನು ನೋಡಿ 1869ರಲ್ಲಿ ವಾಕರ್ ಅದನ್ನು ವಿವರಿಸಿದ್ದರು. ಆ ಮಾದರಿ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಇದೆ. ಜುರಾಸಿಕ್‌ನಲ್ಲಿ ಮೆರೆದ, ತೊಂಬತ್ತಕ್ಕೂ ಹೆಚ್ಚು ಪ್ರಭೇದಗಳು ಅಳಿದುಹೋಗಿರುವ ಬಳಗದ, ಇಂದು ಉಳಿದಿರುವ ಎಂಟೇ ಪ್ರಭೇದಗಳಲ್ಲಿ ಅದೂ ಒಂದು. 2022ರಲ್ಲಿ ಮೊಂಟೆಅಲೆಗ್ರೆ ಮತ್ತು ಜೊತೆಗಾರರು ಆ ಹಳೆಯ ಒಣ ಮಾದರಿಯ ರೆಕ್ಕೆಗೆ ಲೇಸರ್ ಹಾಯಿಸಿ ಅದುರಾಟ ಅಳೆದರು. ಅರವನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿದರು. ಅಳತೆಗಳ ಸಂಬಂಧವನ್ನೂ ಬಳಸಿದರು. ಸುಮಾರು 4.7 ಕಿಲೋಹರ್ಟ್ಜ್‌ನ ಶುದ್ಧ ಸ್ವರ ಅಂತ ತೀರ್ಮಾನಕ್ಕೆ ಬಂದರು. ಕಲ್ಲಿನ ಮೇಲೆ ಲೇಸರ್ ಪರೀಕ್ಷೆ ನಡೆಯುವುದಿಲ್ಲ, ಅಲ್ಲಿ ಅದುರಲು ರೆಕ್ಕೆಯೇ ಇಲ್ಲ. ಆದರೆ ನಿಜವಾದ ರೆಕ್ಕೆ ಉಳಿದಿರುವ ನೆಂಟನಲ್ಲೂ ತಗ್ಗಿನ ಶುದ್ಧ ಸ್ವರವೇ ಸಿಕ್ಕಿತು ಎನ್ನುವುದು ಸಣ್ಣ ವಿಷಯವಲ್ಲ. ಇಂದಿನ ಸೈಫೋಡೆರಿಸ್ ಮಾನ್‌ಸ್ಟ್ರೋಸಾ ಕೂಗುವುದು 12ರಿಂದ 13 ಕಿಲೋಹರ್ಟ್ಜ್ ಸುತ್ತ. ಅಂದರೆ ಹಳೆಯ ಬಳಗದೊಳಗೂ ಸ್ವರದ ಹರವು ಸಾಕಷ್ಟಿತ್ತು.

ಅದೇ 2022ರಲ್ಲಿ ದಾವೊಹುಗೌ ಬಂಡೆಗಳಿಂದಲೇ ಇನ್ನೊಂದು ಸುದ್ದಿ ಬಂತು. ಚೀನಾದ ಬೇರೊಂದು ತಂಡ ಅಲ್ಲಿನ ಕೇಟಿಡಿಡ್ ನೆಂಟರ ಮುಂಗಾಲಿನಲ್ಲಿ ಕಿವಿಯನ್ನು ಗುರುತಿಸಿತು. ಸುಮಾರು 16 ಕೋಟಿ ವರ್ಷ ಹಳೆಯ ಕಿವಿ. ಈವರೆಗೆ ಗೊತ್ತಿರುವ ಕೀಟದ ಕಿವಿಗಳಲ್ಲಿ ಅತಿ ಹಳೆಯದು. ಆರ್ಕಬಾಯ್ಲಸ್ ಮ್ಯೂಸಿಕಸ್‌ನ ಹೋಲೋಟೈಪ್‌ನಲ್ಲಿ ಕಾಲಿಲ್ಲ, ಆದ್ದರಿಂದ ಕಿವಿಯೂ ಇಲ್ಲ. ಅದೇ ಪದರದಲ್ಲಿ ಇದೇ ನರವಿನ್ಯಾಸದ ರೆಕ್ಕೆ ಕಾಲಿನ ಜೊತೆ ಸಿಕ್ಕರೆ ಕಿವಿಯ ಅಳತೆ ಹಿಡಿದು 6.4ನ್ನು ಇನ್ನೊಂದು ಕಡೆಯಿಂದ ಪರೀಕ್ಷಿಸಬಹುದು. ಹೆಣ್ಣು ಸಿಕ್ಕರೆ ಕೆಲಸ ಇನ್ನೂ ಕಷ್ಟ. ಅದರ ರೆಕ್ಕೆಯಲ್ಲಿ ಅರ ಇರುವುದಿಲ್ಲ. ಅದು ಇದೇ ಪ್ರಭೇದದ ಹೆಣ್ಣು ಅಂತ ರೆಕ್ಕೆಯ ಮುಂದಿನ ಅರ್ಧದ ನರಗಳಿಂದಲೇ, ರೇಡಿಯಸ್ ಮತ್ತು ಮೀಡಿಯಾಗಳ ಕವಲಿನಿಂದಲೇ ತೋರಿಸಬೇಕಾಗುತ್ತದೆ.